ಜ್ವರ ಬಿಟ್ಟ ಮೇಲೆ ಶುರುವಾಗೋ ತಲೆನೋವು: ಇಲಿ ಜ್ವರದ ಮೆನಿಂಜೈಟಿಸ್ ಗುರುತಿಸೋದು ಹೇಗೆ?

ಇಲಿ ಜ್ವರದ (ಲೆಪ್ಟೊಸ್ಪೈರೋಸಿಸ್) ಕಿತಾಪತಿ ಏನಂದ್ರೆ, ವಾಸಿಯಾದಂಗೆ ಮಾಡಿ ಮತ್ತೆ ಬರುತ್ತೆ. ಮೊದಲ ಜ್ವರ ನಾಲ್ಕೈದು ದಿನ, ಹೆಚ್ಚಂದ್ರೆ ಒಂದು ವಾರ. ಆಮೇಲೆ ಎರಡ್ಮೂರು ದಿನ ಮೈ ಹಗುರ, ಗಂಜಿ ರುಚಿಸುತ್ತೆ, ನಾಟಿ ಬಾಕಿ ಇದೆಯಲ್ಲ ಅಂತ ಗದ್ದೆಗೂ ಇಳಿದುಬಿಡ್ತಾರೆ, ಆಗ ಶುರುವಾಗುತ್ತೆ ನೋಡಿ ತಲೆ ಸಿಡಿದುಹೋಗೋ ಅಂಥ ನೋವು. ಎಲ್ಲರಿಗೂ ಹೀಗೆ ಎರಡು ಕಂತಲ್ಲೇ ಬರುತ್ತೆ ಅಂತಿಲ್ಲ, ಕೆಲವರಿಗೆ ನಡುವೆ ಬಿಡುವೇ ಇರಲ್ಲ. ಆದ್ರೆ ಮೆದುಳಿನ ಪೊರೆ ಊದ್ಕೊಳ್ಳೋದು, ಅಂದ್ರೆ ಮೆನಿಂಜೈಟಿಸ್, ಸಾಮಾನ್ಯವಾಗಿ ಎರಡನೇ ಕಂತಲ್ಲೇ.

ಮೊದಲು ಹಿಂದಿನ ಒಂದು ತಿಂಗಳು ನೆನಪು ಮಾಡ್ಕೊಳ್ಳಿ. ರೋಗಾಣು ಮೈ ಸೇರಿ ಜ್ವರ ಬರೋಕೆ ಸಾಮಾನ್ಯವಾಗಿ 5ರಿಂದ 14 ದಿನ, ಅಪರೂಪಕ್ಕೆ 30 ದಿನ ಆಗುತ್ತೆ. ಬರಿಗಾಲಲ್ಲಿ ಗದ್ದೆ ಕೆಲಸ, ತೋಟದ ಬಸಿಗಾಲುವೆ ಹೂಳು ತೆಗೆದಿದ್ದು, ಕೊಟ್ಟಿಗೆ ತೊಳೆದಿದ್ದು, ಮಳೆ ನೀರು ನಿಂತ ರಸ್ತೆಯಲ್ಲಿ ನಡೆದಿದ್ದು, ಕಾಲಲ್ಲಿ ಬಿರುಕೋ ಗಾಯವೋ ಇತ್ತಾ? ಹೆಸರಿಗೆ ಇಲಿ ಜ್ವರ, ಆದ್ರೆ ಇಲಿ ಉಚ್ಚೆ ಸೇರಿದ ನೀರು-ಕೆಸರಿಂದಷ್ಟೇ ಅಲ್ಲ, ದನ ನಾಯಿ ಹಂದಿ ಉಚ್ಚೆಯಿಂದ್ಲೂ ಬರುತ್ತೆ.

ಆಮೇಲೆ ಮೊದಲ ಜ್ವರ ಹೇಗಿತ್ತು ನೋಡಿ. ನಡುಕ ಬಂದು ಏರೋ ಜ್ವರ, ಸೊಂಟ ನೋವು, ಮೀನಖಂಡ ಒತ್ತಿದ್ರೆ ಕಿರುಚೋಷ್ಟು ನೋವು. ಕಣ್ಣು ಕೆಂಪಗಾಗಿರುತ್ತೆ ಆದ್ರೆ ಮದ್ರಾಸ್ ಐ ಥರ ಪಿಸುರು ಬಂದು ಅಂಟ್ಕೊಳ್ಳಲ್ಲ, ಇದು ಒಳ್ಳೆ ಸುಳಿವು.

ಈಗ ಎರಡನೇ ಕಂತು. ತಲೆನೋವು ಮಾತ್ರೆಗೆ ಬಗ್ಗಲ್ಲ, ಬೆಳಕು ಕಂಡ್ರೆ ಕಣ್ಣು ಮುಚ್ಕೋತಾರೆ, ವಾಂತಿ. ಮಲಗಿಸಿ, ಗದ್ದ ಎದೆಗೆ ತಾಗಿಸೋಕೆ ಹೇಳಿ, ಕತ್ತು ಬಗ್ಗದೆ ಬಿಗಿದ್ರೆ ತಡ ಮಾಡ್ಬೇಡಿ. ಕತ್ತು ಬಗ್ಗಿತು ಅಂತ ನೆಮ್ಮದಿಯಾಗಿ ಕೂರೋದೂ ಬೇಡ, ಎಳೆ ಮಕ್ಕಳಲ್ಲಿ, ವಯಸ್ಸಾದವರಲ್ಲಿ ಬಿಗಿತ ಕಾಣದೇ ಇರಬಹುದು. ಈ ಹೊತ್ತಿಗೆ ಜ್ವರ ಕಮ್ಮಿನೇ ಇರಬಹುದು, ಕಾಮಾಲೆ ಇಲ್ಲದೇನೂ ಇರಬಹುದು, "ಕಣ್ಣು ಹಳದಿ ಆಗಿಲ್ವಲ್ಲ, ಇಲಿ ಜ್ವರ ಅಲ್ಲ ಬಿಡಿ" ಅನ್ನೋ ಮಾತು ನಂಬ್ಬೇಡಿ.

ಮಲೆನಾಡಲ್ಲಿ ಇನ್ನೊಂದು ತಲೆನೋವಿದೆ. ಮಂಗನ ಕಾಯಿಲೆನೂ ಕೆಲವರಿಗೆ ಹೀಗೇ ಬಿಟ್ಟು ಬಂದು ಕತ್ತು ಬಿಗಿಯುತ್ತೆ. ಅದು ಉಣುಗು ಕಚ್ಚಿ ಬರೋದು, ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ. ಇಲಿ ಜ್ವರ ಮಳೆಗಾಲದ ಗಿರಾಕಿ.

ಮನೇಲಿ ಅನುಮಾನ ಪಡೋದಷ್ಟೇ ನಮ್ಮ ಕೆಲಸ, ಯಾವ ಮೆನಿಂಜೈಟಿಸ್ ಅಂತ ತೀರ್ಮಾನ ಆಸ್ಪತ್ರೇಲೇ ಆಗಬೇಕು, ಯಾಕಂದ್ರೆ ಬೇರೆ ಬ್ಯಾಕ್ಟೀರಿಯಾದ್ದಾದ್ರೆ ಗಂಟೆಗಳಲ್ಲೇ ಜೀವಕ್ಕೆ ಕುತ್ತು. ಡಾಕ್ಟರ್‌ಗೆ ಮೊದಲ ಜ್ವರದ ತಾರೀಕು, ಬಿಡುವಿದ್ದ ದಿನ, ನೀರಲ್ಲಿ ಕೆಲಸ ಮಾಡಿದ್ದು, ನುಂಗಿದ ಮಾತ್ರೆ ಎಲ್ಲಾ ಹೇಳಿ. ಬೆನ್ನಿಂದ ನೀರು ತೆಗೆದು ನೋಡ್ತಾರೆ, ಹೆದರಬೇಡಿ. ಇಲಿ ಜ್ವರದಲ್ಲಿ ಆ ನೀರಲ್ಲಿ ಲಿಂಫೋಸೈಟ್ ಅನ್ನೋ ಬಿಳಿ ರಕ್ತಕಣ ಜಾಸ್ತಿ, ಸಕ್ಕರೆ ಸಾಮಾನ್ಯವಾಗಿ ನಾರ್ಮಲ್. ಬೇರೆ ಬ್ಯಾಕ್ಟೀರಿಯಾ ಅಥವಾ ಟಿಬಿ ಆದ್ರೆ ಹೆಚ್ಚಾಗಿ ಸಕ್ಕರೆ ಕುಸಿದಿರುತ್ತೆ. ಈ ಹಂತದಲ್ಲಿ ಉರಿಯೂತ ನಮ್ಮ ದೇಹದ ಪ್ರತಿರೋಧದ್ದೇ ಆಟ, ಹಾಗಾಗಿ ರೋಗಾಣು ಸಿಗೋದು ಕಮ್ಮಿ, ರಕ್ತದಲ್ಲಿ ಐಜಿಎಂ ಅನ್ನೋ ಪ್ರತಿಕಾಯ ಇದೆಯಾ ನೋಡ್ತಾರೆ. ಅದು ಮೊದಲ ಮೂರ್ನಾಲ್ಕು ದಿನದಲ್ಲಿ ನೆಗೆಟಿವ್ ಬಂದಿದ್ರೆ ಅದಕ್ಕೆ ಬೆಲೆ ಇಲ್ಲ, ವಾರದ ಮೇಲೆ ಮತ್ತೆ ಮಾಡಿಸಬೇಕು.

ಪೆನಿಸಿಲಿನ್, ಸೆಫ್ಟ್ರಿಯಾಕ್ಸೋನ್, ಡಾಕ್ಸಿಸೈಕ್ಲಿನ್ ಇದಕ್ಕೆ ಬಳಸೋ ಔಷಧಿ, ಬಹಳ ಜನ ಪೂರ್ತಿ ಹುಷಾರಾಗ್ತಾರೆ. ಮೆಡಿಕಲ್ ಶಾಪಲ್ಲಿ ಕೇಳಿ ಪೇನ್‌ಕಿಲ್ಲರ್ ನುಂಗೋದು ಮಾತ್ರ ಬೇಡ, ಕಿಡ್ನಿಗೆ ಮೊದಲೇ ಏಟು ಬಿದ್ದಿರಬಹುದು. ಫಿಟ್ಸ್, ತೊದಲು ಮಾತು, ಉಚ್ಚೆ ಕಮ್ಮಿ, ಕೆಮ್ಮಿದ್ರೆ ರಕ್ತ, ಇದ್ರಲ್ಲಿ ಒಂದು ಕಂಡ್ರೂ ಬೆಳಗಾಗ್ಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಿ.