ಒದ್ದೆ ಕೈಯಲ್ಲಿ ‘ಆಯ್ತು’ ಅನ್ನಬಾರದು

ನಾನು ಜೆಂಬರದ ಅಡುಗೆಯವನು. ಕೇರಳದ ಗಡಿಯ ಕಾಸರಗೋಡು ಜಿಲ್ಲೆಯ ಬದಿಯಡ್ಕ, ನೀರ್ಚಾಲು, ಪೆರ್ಲ, ಮುಳ್ಳೇರಿಯ, ಈ ಸುತ್ತಿನಲ್ಲಿ ಮದುವೆ, ಉಪನಯನ, ಮನೆ ಒಕ್ಕಲು, ತಿಥಿ ಅಂತ ಕರೆದಲ್ಲಿಗೆ ಹೋಗಿ ಒಲೆ ಹಚ್ಚುತ್ತೇನೆ. ಜೊತೆಗೆ ಇಬ್ಬರು ಹುಡುಗರು ಇದ್ದಾರೆ.

2019ರ ಏಪ್ರಿಲ್ ತಿಂಗಳ ಒಂದು ಶನಿವಾರ ಕುಂದಾಪುರದಲ್ಲಿ ತಂಗಿಯ ಮನೆಗೆ ಹೋಗಿದ್ದೆ. ಮಕ್ಕಳಿಗೆ ಶಾಲೆಗೆ ರಜೆ ಇರುವ ಏಪ್ರಿಲ್, ಮೇ ತಿಂಗಳಲ್ಲೇ ನಮ್ಮಲ್ಲಿ ಉಪನಯನಗಳು ಜಾಸ್ತಿ. ಅಂಥ ಸೀಸನ್ನಿನಲ್ಲಿ ಒಂದು ಭಾನುವಾರ ಖಾಲಿ ಸಿಕ್ಕಿದೆಯಲ್ಲ ಅಂತ ನನಗೆ ಅನುಮಾನ ಬರಬೇಕಿತ್ತು. ಖುಷಿ ಬಂತು.

ಸಂಜೆ ಐದೂವರೆಗೆ ಫೋನ್. “ಭಟ್ರೇ, ಎಲ್ಲಿಗೆ ಮುಟ್ಟಿದಿರಿ? ನೆರೆಕರೆಯವರು ತರಕಾರಿ ಹೆಚ್ಚಲಿಕ್ಕೆ ಬಂದು ಕೂತಿದ್ದಾರೆ.”

ಚಹಾದ ಲೋಟ ಕೈಯಲ್ಲೇ ಇತ್ತು. ಬಾಯಿಂದ ಮಾತು ಬರಲಿಲ್ಲ. ಮರುದಿನ ಅವರ ಮಗನ ಉಪನಯನ, 250 ಜನರ ಊಟ. ಜನವರಿಯಲ್ಲೇ ಒಪ್ಪಿಕೊಂಡಿದ್ದೆ. ಸಾಮಾನಿನ ಪಟ್ಟಿಯನ್ನೂ ಆಗಲೇ ಬಾಯಲ್ಲೇ ಹೇಳಿಬಿಟ್ಟಿದ್ದೆ. ಹಾಗಾಗಿ ಮತ್ತೆ ಮಾತಾಡುವ ಸಂದರ್ಭವೂ ಬಂದಿರಲಿಲ್ಲ.

ಕುಂದಾಪುರದಿಂದ ಮಂಗಳೂರಿಗೇ ಸುಮಾರು 90 ಕಿಲೋಮೀಟರ್. ಅಲ್ಲಿಂದ ತಲಪಾಡಿ ದಾಟಿ ಕುಂಬಳೆ, ಮತ್ತೆ ಒಳಗೆ ಬದಿಯಡ್ಕ. ಒಂದು ಬಾಡಿಗೆ ಕಾರು ಹಿಡಿದೆ. ದಾರಿಯಲ್ಲಿ ನಮ್ಮ ಕಡೆಯ ಇನ್ನೊಬ್ಬ ಅಡುಗೆಯವರಿಗೆ ಫೋನ್ ಮಾಡಿದೆ. ನಾವಿಬ್ಬರೂ ಅಷ್ಟು ಆಪ್ತರೇನಲ್ಲ, ಒಂದೇ ಕೆಲಸದವರು ಅಲ್ವಾ. “ಭಾವ, ಮಾನ ಉಳಿಸಬೇಕು” ಅಂದೆ. ಅವರು ಒಂದೇ ಪ್ರಶ್ನೆ ಕೇಳಿದರು: “ಎಷ್ಟು ಜನ?”

ನಾನು ಮುಟ್ಟುವಾಗ ರಾತ್ರಿ ಹನ್ನೊಂದು ಕಳೆದಿತ್ತು. ಅವರು ಆಗಲೇ ಒಲೆ ಹೂಡಿದ್ದರು. ಯಜಮಾನರು ನನ್ನನ್ನು ನೋಡಿ ಏನೂ ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರ ಹೆಂಡತಿ ಕಾಫಿ ತಂದಿಟ್ಟು ಒಳಗೆ ಹೋದರು. ನಾನು ಹೆರೆಮಣೆ ಎಳೆದುಕೊಂಡು ಬೆಳಗಿನ ಜಾವದವರೆಗೆ ಕಾಯಿ ಹೆರೆದೆ. ನಾನು ಒಪ್ಪಿಕೊಂಡ ಅಡುಗೆಗೆ ನಾನೇ ಕೈಯಾಳು. ಸಂಬಳ ಅವರಿಗೆ ಹೋಯಿತು, ಮುಂಗಡ ವಾಪಸ್ ಕೊಟ್ಟೆ.

ಮೊದಲು ನಾನು ಕ್ಯಾಲೆಂಡರ್ ಮೇಲೆ ತಪ್ಪು ಹೊರಿಸಿದೆ. ಗಡಿನಾಡಲ್ಲಿ ಅದು ಸುಲಭ. ಹಾಲ್ ಬುಕ್ ಮಾಡಿದವರು ಇಂಗ್ಲಿಷ್ ತಾರೀಕು ಹೇಳುತ್ತಾರೆ. ಮಲಯಾಳಿಗಳ ಮನೆಯಿಂದ “ಮೇಡಂ ಹತ್ತಕ್ಕೆ” ಅಂತ ಬರುತ್ತದೆ. ಮೇಡಂ ಅಂದರೆ ಅವರ ಒಂದು ತಿಂಗಳು. ಅದೇ ತಿಂಗಳಿಗೆ ತುಳುವಿನಲ್ಲಿ ಪಗ್ಗು. ಅದು ಶುರುವಾಗುವುದೇ ಏಪ್ರಿಲ್ ನಡುವಿನಲ್ಲಿ. ಹಾಗಾಗಿ ಅವರ ಹತ್ತು ಅಂದರೆ ನಮ್ಮ 23 ಅಥವಾ 24. ಸಂಕ್ರಮಣದ ದಿನವನ್ನೇ ಒಂದು ಅಂತ ಎಣಿಸುವವರಿದ್ದಾರೆ, ಮರುದಿನದಿಂದ ಎಣಿಸುವವರೂ ಇದ್ದಾರೆ. ತಿಥಿಯ ಊಟಕ್ಕೆ ಹೇಳುವವರು ಚಾಂದ್ರಮಾನದ ಬಹುಳ ಸಪ್ತಮಿ ಅಂತಲೂ ಹೇಳಿಯಾರು. ನಮ್ಮ ಗೋಡೆಯಲ್ಲೇ ಮಲಯಾಳದ್ದೊಂದು, ಕನ್ನಡದ್ದೊಂದು ಕ್ಯಾಲೆಂಡರ್ ನೇತಾಡುತ್ತದೆ.

ಆದರೆ ಆ ಉಪನಯನದವರು ಸರಿಯಾಗಿ ಇಂಗ್ಲಿಷ್ ತಾರೀಕೇ ಹೇಳಿದ್ದರು. ನಾನು ಎಲ್ಲೂ ಬರೆದಿರಲಿಲ್ಲ, ಅಷ್ಟೇ. 100 ಜನಕ್ಕೆ ಬೆಳ್ತಿಗೆ ಅಕ್ಕಿ ಎಷ್ಟು, ಮೇಲಾರಕ್ಕೆ ಕಾಯಿ ಎಷ್ಟು ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುವವನಿಗೆ ಒಂದು ತಾರೀಕು ನೆನಪಿರದೇ ಹೋಗುತ್ತದಾ ಎಂಬ ಜಂಬ. ಅಳತೆ ವಾರಕ್ಕೆರಡು ಸಲ ಕೈ ದಾಟಿ ಹೋಗುತ್ತದೆ, ಅದಕ್ಕೇ ನೆನಪಿರುತ್ತದೆ. ತಾರೀಕು ಒಂದೇ ಸಲ ಕಿವಿಗೆ ಬೀಳುತ್ತದೆ. ಇದು ಗೊತ್ತಾಗಲಿಕ್ಕೆ ನನಗೆ 22 ವರ್ಷ ಬೇಕಾಯಿತು.

ಮಗ ಫೋನಿನಲ್ಲಿ ಕ್ಯಾಲೆಂಡರ್ ಹಾಕಿಕೊಟ್ಟ. ಮೊದಲ ಸಲ ಅದು ಬಡಿದದ್ದು ಊಟಕ್ಕೆ ಅರ್ಧ ಗಂಟೆ ಇರುವಾಗ. 200 ಎಲೆ ಹಾಕಿ ಆಗಿತ್ತು! ಮತ್ತೆ ಎರಡು ದಿನ ಮೊದಲೇ ಬಡಿಯುವ ಹಾಗೆ ಮಾಡಿಕೊಟ್ಟ. ಆಗ ನಾನು ಎಲ್ಲೋ ಪಾಯಸ ತಿರುವುತ್ತಿರುತ್ತೇನೆ, ಮೊಣಕೈಯಲ್ಲಿ ಒತ್ತಿ ನಿಲ್ಲಿಸುತ್ತೇನೆ, ಮರೆಯುತ್ತೇನೆ. ಡೈರಿ ತಂದೆ. ಅದು ಮನೆಯಲ್ಲಿ, ನಾನು ಇನ್ನೊಬ್ಬರ ಅಂಗಳದಲ್ಲಿ. ಜೊತೆಗೆ ಒಯ್ದರೆ ಒಂದು ತಿಂಗಳಲ್ಲಿ ಅದಕ್ಕೆ ಅರಸಿನ, ಎಣ್ಣೆ.

ಕೊನೆಗೆ ಕಂಡುಹಿಡಿದವಳು ನನ್ನ ಹೆಂಡತಿ. “ನಿಮಗೆ ಫೋನ್ ಬರುವುದೆಲ್ಲ ಕೈ ಒದ್ದೆ ಇರುವಾಗ. ಆಗ ‘ಆಯ್ತು’ ಅನ್ನಬೇಡಿ” ಅಂದಳು. ನಾನು ಆವರೆಗೆ ನೆನಪಿಡುವ ದಾರಿ ಹುಡುಕುತ್ತಿದ್ದೆ. ಅವಳು ಒಪ್ಪಿಕೊಳ್ಳುವ ಗಳಿಗೆಯನ್ನೇ ಬದಲಿಸಿದಳು.

ಈಗ ಯಾರೇ ಕೇಳಲಿ, ನೆಂಟರಾದರೂ ಸರಿ, ಒಂದೇ ಉತ್ತರ: “ವಾಟ್ಸಾಪಿನಲ್ಲಿ ವಾಯ್ಸ್ ಹಾಕಿ, ರಾತ್ರಿ ಎಂಟಕ್ಕೆ ಹೇಳ್ತೇನೆ.” ಕೆಲವರಿಗೆ ಬೇಜಾರಾಗುತ್ತದೆ. ದೊಡ್ಡ ಮನುಷ್ಯನಾದ ಅಂತಲೂ ಹೇಳಿದ್ದಾರೆ. ಇರಲಿ. ರಾತ್ರಿ ಊಟ ಮುಗಿಸಿ, ಕೈ ಒರೆಸಿ, ಅವಳೂ ನಾನೂ ಕೂತು ಕೇಳುತ್ತೇವೆ. ಕನ್ನಡದ ಕ್ಯಾಲೆಂಡರಿನಲ್ಲಿ ಮಾತ್ರ ಬರೆಯುತ್ತೇವೆ. ಎರಡರಲ್ಲೂ ಬರೆದರೆ ಒಂದರಲ್ಲಿ ಬಿಟ್ಟು ಹೋಗುವುದು ಗ್ಯಾರಂಟಿ. ತಾರೀಕಿನ ಜೊತೆ ವಾರವನ್ನೂ ಕೇಳಿ ಬರೆಯುತ್ತೇವೆ. ತಾರೀಕು ತಪ್ಪು ಹೇಳುವವರು ಬೇಕಾದಷ್ಟು ಜನ, ಆದರೆ ಮಗಳ ಮದುವೆ ಬುಧವಾರವೋ ಗುರುವಾರವೋ ಎಂದು ತಪ್ಪು ಹೇಳಿದವರನ್ನು ನಾನು ಇನ್ನೂ ಕಂಡಿಲ್ಲ. ಎರಡೂ ತಾಳೆಯಾಗದಿದ್ದರೆ ಅಲ್ಲೇ ಫೋನ್.

ಇನ್ನೊಂದು, ಸಾಮಾನಿನ ಪಟ್ಟಿಯನ್ನು ಈಗ ಮುಂಚಿತವಾಗಿ ಕೊಡುವುದೇ ಇಲ್ಲ. ಒಪ್ಪಿಕೊಂಡ ರಾತ್ರಿ ಒಂದು ಖಾಲಿ ಹಾಳೆಯ ತಲೆಯಲ್ಲಿ ಮನೆಯ ಹೆಸರು, ದಿನ, ಜನ ಎಷ್ಟು ಅಂತ ಬರೆದು ಅಡುಗೆಕೋಣೆಯ ಬಾಗಿಲ ಬಳಿಯ ಮೊಳೆಗೆ ಸಿಕ್ಕಿಸುತ್ತೇವೆ. ಪಟ್ಟಿ ತುಂಬಿಸಿ ಕೊಡುವುದು ಜೆಂಬರಕ್ಕೆ ಹತ್ತು ದಿನ ಇರುವಾಗ. ನಾನು ಮರೆತರೆ ಅವರೇ ಕೇಳುತ್ತಾರೆ, “ಭಟ್ರೇ, ಪಟ್ಟಿ ಎಲ್ಲಿ?” ಅಂತ. ಅಂಗಡಿಗೆ ಹೋಗುವ ಅವಸರ ಅವರಿಗಲ್ವಾ. ಹುಡುಗರಿಬ್ಬರೂ ಭಾನುವಾರ ಬಂದು ಮೊಳೆಯ ಹಾಳೆಗಳ ಫೋಟೋ ಹೊಡೆದುಕೊಳ್ಳುತ್ತಾರೆ.

ಇದಾದ ಮೇಲೂ ಎರಡು ಸಲ ಎಡವಿದ್ದೇನೆ. ಒಂದೇ ದಿನಕ್ಕೆ ಎರಡು ಕಡೆ ಒಪ್ಪಿಕೊಂಡದ್ದು ಒಮ್ಮೆ, ಜನ 80ರ ಬದಲು 180 ಅಂತ ಕೇಳಿಸಿಕೊಂಡದ್ದು ಇನ್ನೊಮ್ಮೆ. ಎರಡೂ ಹತ್ತು ದಿನ ಮೊದಲೇ ಗೊತ್ತಾದವು.

ಉಪನಯನದ ಮನೆಯವರು ಮತ್ತೆ ನನ್ನನ್ನು ಕರೆದಿಲ್ಲ. ಅಲ್ಲಿಗೆ ಈಗ ಆ ಭಾವನೇ ಹೋಗುವುದು. ಕಳೆದ ಸೀಸನ್ನಿನಲ್ಲಿ ಅವರಿಗೆ ಒಂದೇ ದಿನ ಎರಡು ಕಡೆ ಬಿದ್ದಿತ್ತು. ನನಗೆ ಫೋನ್ ಮಾಡಿ, “ಒಂದು ಕಡೆ ನೀವು ಹೋಗ್ತೀರಾ?” ಅಂತ ಕೇಳಿದರು. ನನ್ನ ಕೈ ಹೋಳಿಗೆ ಹಿಟ್ಟಿನಲ್ಲಿತ್ತು. ಅವರಿಗೆ ಇಲ್ಲ ಅನ್ನಲಿಕ್ಕೆ ನನ್ನಿಂದಾಗುತ್ತದಾ? ಆದರೂ ಹೇಳಿದೆ: “ಭಾವ, ವಾಯ್ಸ್ ಹಾಕಿ. ಎಂಟಕ್ಕೆ ಹೇಳ್ತೇನೆ.”

ಆ ಕಡೆಯಿಂದ ನಗು ಕೇಳಿತು. ಐದು ನಿಮಿಷದಲ್ಲಿ ವಾಯ್ಸ್ ಬಂತು. ತಾರೀಕು, ವಾರ, ಜನ ಎಷ್ಟು, ಎಲ್ಲ ಇತ್ತು.