ಹಾಡು ಕೇಳಿಸದೆ ಹಾಡುಗಾರನ ಕಥೆ: ರೋನನ್ ಕೀಟಿಂಗ್ ಕುರಿತ ಧ್ವನಿರೂಪಕ ಕಟ್ಟಿದ ನನ್ನ ಅನುಭವ

ಡಬ್ಲಿನ್‌ನಲ್ಲಿ ನೆಲೆಸಿರುವ ನಾವು ಕೆಲವು ಕನ್ನಡಿಗರು ಅಂತರ್ಜಾಲದಲ್ಲಿ ಒಂದು ಧ್ವನಿ ಕಾರ್ಯಕ್ರಮ ನಡೆಸುತ್ತೇವೆ. ಐರ್ಲೆಂಡಿನ ಕಲಾವಿದರನ್ನು ಕನ್ನಡದಲ್ಲಿ ಪರಿಚಯಿಸುವ ಮಾಲಿಕೆಯಲ್ಲಿ ಗಾಯಕ ರೋನನ್ ಕೀಟಿಂಗ್ ಅವರ ಕಂತನ್ನು ಬರೆದು ನಿರೂಪಿಸುವ ಕೆಲಸ ನನ್ನ ಪಾಲಿಗೆ ಬಂತು. ಹಾಡುಗಳನ್ನು ಪ್ರಸಾರ ಮಾಡುವ ಹಕ್ಕು ನಮ್ಮ ಬಳಿ ಇರಲಿಲ್ಲವಾದ್ದರಿಂದ, ಇಡೀ ಕಂತನ್ನು ಮಾತಿನಲ್ಲೇ ನಿಭಾಯಿಸಬೇಕಾಗಿತ್ತು. ಹೀಗಾಗಿ ಸಾಮಾನ್ಯವಾಗಿ ಎರಡು ಹಾಡುಗಳ ನಡುವೆ ತೇಲಿಹೋಗುವ ಮಾಹಿತಿಯನ್ನು ಮೊದಲಿಗಿಂತ ಹೆಚ್ಚು ಜಾಗ್ರತೆಯಿಂದ ನೋಡಿದೆ.

ಈ ಗಾಯಕರ ಬಗ್ಗೆ ರೂಢಿಯಲ್ಲಿರುವ ಕಥನಕ್ರಮ ಸರಳವಾದದ್ದು: ಮೊದಲು ಬಾಯ್‌ಝೋನ್ ಎಂಬ ಹುಡುಗರ ಗಾಯನ ತಂಡ, ಆಮೇಲೆ ಒಂಟಿ ಗಾಯನ, ಕೊನೆಗೆ ಟಿವಿ ಮತ್ತು ರೇಡಿಯೊ ನಿರೂಪಣೆ. ನಾನೂ ಟಿಪ್ಪಣಿಗಳನ್ನು ಮೂರು ಭಾಗ ಮಾಡಿಕೊಂಡೇ ಶುರುಮಾಡಿದೆ. ಆದರೆ ಇಸವಿಗಳನ್ನು ಒಂದರ ಕೆಳಗೊಂದು ಬರೆದಾಗ ಈ ಕ್ರಮ ನಿಲ್ಲಲಿಲ್ಲ. ಕೀಟಿಂಗ್ ಅವರ ಮೊದಲ ಒಂಟಿ ಹಾಡು ಹೊರಬಂದದ್ದು 1999ರಲ್ಲಿ. ಅದಕ್ಕೂ ಎರಡು ವರ್ಷ ಮೊದಲೇ, 1997ರ ಮೇ 3ರಂದು, ಡಬ್ಲಿನ್‌ನ ಪಾಯಿಂಟ್ ಥಿಯೇಟರಿನಲ್ಲಿ ನಡೆದ ಯೂರೋವಿಷನ್ ಗಾಯನ ಸ್ಪರ್ಧೆಯನ್ನು ಕ್ಯಾರಿ ಕ್ರೌಲಿ ಅವರ ಜೊತೆಗೂಡಿ ಅವರು ನಿರೂಪಿಸಿದ್ದರು. ಅದೇ ವರ್ಷ ರಾಟರ್‌ಡ್ಯಾಮಿನಲ್ಲಿ ನಡೆದ ಎಂಟಿವಿ ಯೂರೋಪ್ ಸಂಗೀತ ಪ್ರಶಸ್ತಿ ಸಮಾರಂಭಕ್ಕೂ ಅವರೇ ನಿರೂಪಕರು. ಆಗ ಅವರಿಗೆ ಇಪ್ಪತ್ತು ವರ್ಷ. ನಿರೂಪಣೆ ಅವರ ವೃತ್ತಿಯ ಮೂರನೆಯ ಅಂಕವೆನ್ನುವುದು ಸುಳ್ಳು, ಅದು ಮೊದಲಿನಿಂದಲೂ ಗಾಯನದ ಜೊತೆಜೊತೆಗೇ ನಡೆದುಬಂದ ಕಸುಬು ಎನ್ನುವುದನ್ನೇ ರೂಪಕದ ಎಳೆಯನ್ನಾಗಿ ಇಟ್ಟುಕೊಂಡೆ.

ಆ ಎಳೆಯ ಮೂಲ 1993ರಲ್ಲಿದೆ. ವ್ಯವಸ್ಥಾಪಕ ಲೂಯಿ ವಾಲ್ಶ್ ಡಬ್ಲಿನ್‌ನಲ್ಲಿ ಆಯ್ಕೆ ನಡೆಸಿ ಬಾಯ್‌ಝೋನ್ ತಂಡ ಕಟ್ಟಿದರು. ಒಂದೂ ಹಾಡು ಧ್ವನಿಮುದ್ರಣವಾಗುವ ಮೊದಲೇ ಆ ತಂಡ ಗೇ ಬರ್ನ್ ನಡೆಸುತ್ತಿದ್ದ ‘ದ ಲೇಟ್ ಲೇಟ್ ಶೋ’ ಎಂಬ ಟಿವಿ ಹರಟೆ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಿತು. ಹುಡುಗರು ಅಲ್ಲಿ ಹಾಡಲಿಲ್ಲ, ವಾದ್ಯ ಮುಟ್ಟಲಿಲ್ಲ, ಹಿನ್ನೆಲೆಯ ಸಂಗೀತಕ್ಕೆ ಬರಿದೇ ಕುಣಿದರು. ಐರ್ಲೆಂಡಿನಲ್ಲಿ ಇಂದಿಗೂ ಆ ತುಣುಕನ್ನು ತಮಾಷೆಗಾಗಿ ಮತ್ತೆ ಮತ್ತೆ ತೋರಿಸುವುದುಂಟು. ಹಾಡಿನ ಹಕ್ಕಿಲ್ಲದ ನನಗೆ ಮಾತ್ರ ಅದು ಹೇಳಿ ಮಾಡಿಸಿದ ದೃಶ್ಯವಾಗಿತ್ತು. ಆಕಾಶವಾಣಿಯಲ್ಲಿ ಮೈಸೂರು ದಸರಾ ಮೆರವಣಿಗೆಯ ವೀಕ್ಷಕ ವಿವರಣೆ ಬರುತ್ತದಲ್ಲ, ಅದೇ ಧಾಟಿಯಲ್ಲಿ ಆ ಕುಣಿತವನ್ನು ಓದಿದೆ: ಯಾರು ಎಡಕ್ಕೆ ತಿರುಗಿದರು, ಯಾರ ತೋಳು ತಾಳ ತಪ್ಪಿತು, ಕ್ಯಾಮೆರಾ ಹತ್ತಿರ ಬಂದಾಗ ಯಾರು ನಕ್ಕರು ಎಂದೆಲ್ಲ. ನಗು ಬರಲಿ ಎಂಬುದಷ್ಟೇ ನನ್ನ ಉದ್ದೇಶವಾಗಿರಲಿಲ್ಲ. ಹಾಡಿಗಿಂತ ಮೊದಲು ಕ್ಯಾಮೆರಾವನ್ನು ಎದುರಿಸಲು ಕಲಿತ ತಂಡವಿದು ಎಂಬುದು ಕೇಳುಗರಿಗೆ ಆ ನಗುವಿನ ನಡುವೆಯೇ ತಿಳಿಯಬೇಕಿತ್ತು.

ಯೂರೋವಿಷನ್ ಭಾಗಕ್ಕೆ ಹೆಚ್ಚು ಸಮಯ ಕೊಟ್ಟೆ. ಆ ವರ್ಷ 25 ದೇಶಗಳು ಸ್ಪರ್ಧಿಸಿದ್ದವು, ಐದು ದೇಶಗಳಲ್ಲಿ ಮೊದಲ ಬಾರಿಗೆ ವೀಕ್ಷಕರು ದೂರವಾಣಿಯ ಮೂಲಕ ಮತ ಹಾಕಿದರು. ಸ್ಪರ್ಧೆಯ ಹಾಡುಗಳು ಮುಗಿದು ಮತ ಎಣಿಕೆಯಾಗುವ ನಡುವಿನ ವಿರಾಮದಲ್ಲಿ ಹಾಡಿದ್ದು ಬಾಯ್‌ಝೋನ್ ತಂಡವೇ. ಅಂದರೆ ಅಲ್ಲಿಯವರೆಗೆ ಕಾರ್ಯಕ್ರಮ ನಡೆಸುತ್ತಿದ್ದ ನಿರೂಪಕ, ತಂಡದ ಗೆಳೆಯರ ಸಾಲಿಗೆ ಬಂದು ಹಾಡಿ, ಮತ್ತೆ ನಿರೂಪಕನಾಗಿ ಒಂದೊಂದೇ ದೇಶದ ಅಂಕಗಳನ್ನು ಬರಮಾಡಿಕೊಳ್ಳಬೇಕು. ಆ ರಾತ್ರಿ ಬ್ರಿಟನ್ 227 ಅಂಕಗಳೊಂದಿಗೆ ಗೆದ್ದಿತು, ಆತಿಥೇಯ ಐರ್ಲೆಂಡ್ 157 ಅಂಕ ಪಡೆದು ಎರಡನೆಯ ಸ್ಥಾನದಲ್ಲಿ ನಿಂತಿತು. ತನ್ನ ದೇಶ ಹಿಂದುಳಿಯುತ್ತಿರುವಾಗ ಅದನ್ನು ದನಿಯಲ್ಲಿ ತೋರಗೊಡದೆ ಮುಂದಿನ ದೇಶವನ್ನು ಕರೆಯುವುದು ಎಷ್ಟು ಕಷ್ಟವೆಂದು ನಿರೂಪಣೆ ಮಾಡುವವರಿಗೆ ಗೊತ್ತು. ನನ್ನ ಮಟ್ಟಿಗೆ, ಗಾಯನದಲ್ಲಿ ಅವರು ಏರಿದ ಯಾವ ಎತ್ತರಕ್ಕೂ ಈ ರಾತ್ರಿ ಕಡಿಮೆಯಲ್ಲ.

ಕರಡು ಓದಿದ ನಮ್ಮ ಸಂಕಲನಕಾರ ಹುಡುಗ ಆಕ್ಷೇಪಿಸಿದ: “ಅಕ್ಕಾ, ಹಾಡುಗಾರನ ಕಥೆ ಅಂತ ಹೇಳಿ ಬರೀ ನಿರೂಪಣೆ ಬಗ್ಗೆನೇ ಮಾತಾಡ್ತಿದ್ದೀರಿ.” ಅವನು ಹೇಳಿದ್ದರಲ್ಲಿ ನ್ಯಾಯವಿತ್ತು. ಅವನಿಗೆ ಉತ್ತರ ಹುಡುಕುತ್ತಾ ಹಾಡುಗಳ ಪಟ್ಟಿಯನ್ನು ಇನ್ನೊಮ್ಮೆ ನೋಡಿದೆ. ‘ಲವ್ ಮಿ ಫಾರ್ ಎ ರೀಸನ್’ ಆಸ್ಮಂಡ್ಸ್ ತಂಡದ್ದು, ‘ವರ್ಡ್ಸ್’ ಬೀ ಜೀಸ್ ಅವರದ್ದು. 1999ರಲ್ಲಿ ‘ನಾಟಿಂಗ್ ಹಿಲ್’ ಚಿತ್ರದ ಮೂಲಕ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದ ‘ವೆನ್ ಯೂ ಸೇ ನಥಿಂಗ್ ಅಟ್ ಆಲ್’ ಅನ್ನು ಅದಕ್ಕೂ ಮೊದಲೇ ಅಮೆರಿಕದ ಕಂಟ್ರಿ ಗಾಯಕ ಕೀತ್ ವಿಟ್ಲಿ ಹಾಡಿದ್ದರು. 2002ರ ‘ಇಫ್ ಟುಮಾರೋ ನೆವರ್ ಕಮ್ಸ್’ ಗಾರ್ತ್ ಬ್ರೂಕ್ಸ್ ಅವರ ಹಾಡು. ಕೀಟಿಂಗ್ ಸ್ವತಃ ಹಾಡು ಬರೆದಿಲ್ಲವೆಂದಲ್ಲ, ‘ಕೀ ಟು ಮೈ ಲೈಫ್’ ರಚನೆಯಲ್ಲಿ ಅವರದ್ದೂ ಪಾಲಿದೆ. ಆದರೂ ಬೇರೆಯವರ ಹಾಡನ್ನು ಅದರ ಊರಿನಿಂದ ಕರೆತಂದು ಹೊಸ ಕೇಳುಗರಿಗೆ ಪರಿಚಯಿಸುವುದರಲ್ಲೇ ಅವರ ಶಕ್ತಿ ಇದೆ, ಅದೂ ಒಂದು ಬಗೆಯ ನಿರೂಪಣೆಯೇ ಎಂದು ಬರೆದೆ. ಹುಡುಗ ಪೂರ್ತಿ ಒಪ್ಪಲಿಲ್ಲ, ಆದರೆ ಆ ಭಾಗವನ್ನು ಕತ್ತರಿಸಲೂ ಇಲ್ಲ.

ದನಿಯನ್ನು ವಿವರಿಸುವುದು ಎಲ್ಲಕ್ಕಿಂತ ತೊಡಕಿನ ಕೆಲಸ. ಇಂಪು, ಮಧುರ ಎಂಬ ಸವೆದ ಮಾತುಗಳನ್ನು ಕೈಬಿಟ್ಟು, ಒಂದೇ ಹಾಡಿನ ಎರಡು ಧ್ವನಿಮುದ್ರಣಗಳನ್ನು ಹೆಡ್‌ಫೋನಿನಲ್ಲಿ ಒಂದಾದ ಮೇಲೊಂದರಂತೆ ಕೇಳಿದೆ. ಕ್ಯಾಟ್ ಸ್ಟೀವನ್ಸ್ ಬರೆದ ‘ಫಾದರ್ ಅಂಡ್ ಸನ್’ ಅನ್ನು 1995ರಲ್ಲಿ ಬಾಯ್‌ಝೋನ್ ತಂಡ ಹಾಡಿದಾಗ ಕೀಟಿಂಗ್‌ಗೆ ಹದಿನೆಂಟು. 2004ರಲ್ಲಿ ಅದನ್ನೇ ಅವರು ಮೂಲ ಕವಿಯೊಂದಿಗೆ, ಅಷ್ಟರಲ್ಲಿ ಯೂಸುಫ್ ಆಗಿದ್ದ ಅದೇ ಸ್ಟೀವನ್ಸ್ ಜೊತೆ, ಹಾಡಿದರು. ಎರಡೂ ಬಾರಿ ಹಾಡು ಬ್ರಿಟನ್ನಿನಲ್ಲಿ ಎರಡನೆಯ ಸ್ಥಾನ ತಲುಪಿತು. ಮೊದಲನೆಯದರಲ್ಲಿ ಗಂಟಲಿನ ಗರಗರ ಸ್ವಲ್ಪ ಎದ್ದು ಕಾಣುತ್ತದೆ, ಹುಡುಗ ದೊಡ್ಡವನ ದನಿ ತಂದುಕೊಂಡಂತೆ. ಎರಡನೆಯದರಲ್ಲಿ ಪಕ್ಕದಲ್ಲಿ ನಿಜವಾಗಿಯೂ ಹಿರಿಯರ ದನಿ ಇರುವುದರಿಂದ ಅವರು ಮಗನ ಸಾಲುಗಳನ್ನು ಒತ್ತಡವಿಲ್ಲದೆ ಬಿಟ್ಟುಕೊಡುತ್ತಾರೆ. ರೂಪಕದಲ್ಲಿ ಇಲ್ಲಿಗೆ ಬಂದಾಗ, ಕಾರ್ಯಕ್ರಮವನ್ನು ನಿಲ್ಲಿಸಿ ಎರಡನ್ನೂ ನೀವೇ ಕೇಳಿ ಬನ್ನಿ ಎಂದು ಕೇಳುಗರನ್ನು ಕೋರಿದೆ. ಹಾಗೆ ಕಳಿಸಿದರೆ ಅವರು ಮರಳಿ ಬರುವುದಿಲ್ಲವೆಂಬ ಅಳುಕು ತಂಡದವರಿಗಿತ್ತು, ನನಗಿರಲಿಲ್ಲ.

ಉಳಿದದ್ದನ್ನು ಬೇಗ ದಾಟಿಸಿದೆ. 1998ರಲ್ಲಿ ಸ್ತನ ಕ್ಯಾನ್ಸರಿನಿಂದ ತಾಯಿ ಮರೀ ಕೀಟಿಂಗ್ ತೀರಿಕೊಂಡದ್ದನ್ನೂ ಅವರ ಹೆಸರಿನಲ್ಲಿ ಕುಟುಂಬ ಸ್ಥಾಪಿಸಿದ ಪ್ರತಿಷ್ಠಾನವನ್ನೂ, 2009ರ ಅಕ್ಟೋಬರ್‌ನಲ್ಲಿ ಜೊತೆಗಾಯಕ ಸ್ಟೀಫನ್ ಗೇಟ್ಲಿ ಮೂವತ್ತಮೂರರ ವಯಸ್ಸಿನಲ್ಲಿ ಅಗಲಿದ್ದನ್ನೂ ಯಾವ ಹಿನ್ನೆಲೆ ಸಂಗೀತವೂ ಇಲ್ಲದೆ ಸರಳವಾಗಿ ಓದಿದೆ. ಆಸ್ಟ್ರೇಲಿಯಾದ ‘ಎಕ್ಸ್ ಫ್ಯಾಕ್ಟರ್’ ಟಿವಿ ಗಾಯನ ಸ್ಪರ್ಧೆಯ ತೀರ್ಪುಗಾರಿಕೆಗೆ ಒಂದೇ ವಾಕ್ಯ ಸಾಕಾಯಿತು. 2017ರಿಂದ ಲಂಡನ್ನಿನ ಮ್ಯಾಜಿಕ್ ರೇಡಿಯೊದಲ್ಲಿ ಹ್ಯಾರಿಯೆಟ್ ಸ್ಕಾಟ್ ಅವರೊಡನೆ ನಡೆಸಿದ ಬೆಳಗಿನ ಕಾರ್ಯಕ್ರಮವನ್ನು ಮಾತ್ರ ಹಾಗೆ ಬಿಡಲಾಗಲಿಲ್ಲ. ದಿನಾ ಬೆಳಗಾಗುವ ಮೊದಲೇ ಎದ್ದು, ಹಾಡುಗಳ ನಡುವಿನ ಅರೆನಿಮಿಷದಲ್ಲಿ ಲವಲವಿಕೆಯಿಂದ ಮಾತಾಡಿ ಸುಮ್ಮನಾಗುವ ಆ ದುಡಿಮೆಯನ್ನು 2024ರವರೆಗೆ ಅವರು ಮಾಡಿದರು. ರೂಪಕದ ಕೊನೆಯ ಭಾಗವನ್ನು ಆ ದುಡಿಮೆಗೇ ಮೀಸಲಿಟ್ಟು, ಅಲ್ಲಿಗೆ ಧ್ವನಿಮುದ್ರಣ ಮುಗಿಸಿದೆ.