ಸುಂಬಾದ ಹಳ್ಳಿಮನೆಗೆ ಭಾರವಾಗದಂತೆ ಉಳಿದು ಬರುವುದು ಹೇಗೆ

ಇಂಡೋನೇಷ್ಯಾ ಎಂದರೆ ನಮ್ಮವರ ಲೆಕ್ಕದಲ್ಲಿ ಬಾಲಿ. ಅದೇ ಬಾಲಿಯಿಂದ ಪೂರ್ವದತ್ತ ಚಿಕ್ಕ ವಿಮಾನದಲ್ಲಿ ಹೆಚ್ಚುಕಡಿಮೆ ಒಂದೂವರೆ ಗಂಟೆ ಹಾರಿದರೆ ಸುಂಬಾ ದ್ವೀಪ. ಮೆಟ್ಟಿಲು ಮೆಟ್ಟಿಲಾದ ಹಸಿರು ಗದ್ದೆಗಳ ಚಿತ್ರವನ್ನು ಮೊದಲು ತಲೆಯಿಂದ ತೆಗೆದುಬಿಡಿ. ಸುಂಬಾದ ಪೂರ್ವ ಭಾಗವೆಂದರೆ ಸುಣ್ಣಕಲ್ಲಿನ ಗುಡ್ಡ, ಒಣಹುಲ್ಲು, ಕುದುರೆ. ಒಂದು ಕಾಲದಲ್ಲಿ ಶ್ರೀಗಂಧಕ್ಕೆ ಹೆಸರಾಗಿದ್ದ ದ್ವೀಪವಿದು. ನಮ್ಮ ಮಲೆನಾಡಿನ ಗಂಧದ ಜಾತಿಯೇ. ಮರ ಕಡಿದು ಮುಗಿಸಿದರು, ಹೆಸರು ಮಾತ್ರ ಅಲ್ಲಿನ ಗಿಡ್ಡ ಕುದುರೆಯ ತಳಿಗೆ ಉಳಿದುಕೊಂಡಿದೆ.

ನಾನು ಅಲ್ಲಿಗೆ ಹೋಗುವುದು ನೇಕಾರ ಹೆಂಗಸರ ಬಳಿ ನೂಲಿಗೆ ಬೇರಿನ ಕೆಂಪು, ನೀಲಿಸೊಪ್ಪಿನ ನೀಲಿ ಬಣ್ಣ ಹಾಕುವುದನ್ನು ಕಲಿಯಲು. ಹಳ್ಳಿಯಲ್ಲಿ ಕೆಲವು ದಿನ ಉಳಿಯಲು ಹೊರಟವರಿಗೆ ನಾನು ಹೇಳುವುದು ಒಂದೇ ಮಾತು: ಅಲ್ಲಿ ಅತಿಥಿ ಎಂದರೆ ಮನೆಗೆ ಖರ್ಚು, ಆ ಖರ್ಚನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಲೆಕ್ಕವನ್ನು ನಾವೇ ಹಾಕಿಕೊಂಡು ಹೋಗಬೇಕು.

ವೀಸಾ ಸುಲಭ. ಬಾಲಿಯ ವಿಮಾನ ನಿಲ್ದಾಣದಲ್ಲೇ 30 ದಿನದ್ದು ಸಿಗುತ್ತದೆ, ಒಮ್ಮೆ ವಿಸ್ತರಿಸಿಕೊಳ್ಳಬಹುದು. ಪೂರ್ವ ಸುಂಬಾಕ್ಕಾದರೆ ವೈಂಗಾಪು, ಪಶ್ಚಿಮಕ್ಕಾದರೆ ತಂಬೋಲಾಕಾದಲ್ಲಿ ಇಳಿಯಿರಿ. ಹಣವನ್ನು ಪೇಟೆಯಲ್ಲೇ ತೆಗೆದು, ಚಿಲ್ಲರೆ ನೋಟು ಮಾಡಿಸಿಕೊಳ್ಳಿ. ಹಳ್ಳಿಯ ಗೂಡಂಗಡಿಯಲ್ಲಿ ಒಂದು ಲಕ್ಷ ರೂಪಿಯಾದ ನೋಟು ಚಾಚಿದರೆ ಅಂಗಡಿಯಾಕೆ ಚಿಲ್ಲರೆಗಾಗಿ ನಾಲ್ಕು ಮನೆ ಅಲೆಯಬೇಕಾಗುತ್ತದೆ. ಹಳ್ಳಿ ತಲುಪಿದ ದಿನವೇ ಗ್ರಾಮದ ಮುಖ್ಯಸ್ಥನಾದ ಕೆಪಾಲಾ ದೆಸಾಗೆ ಮುಖ ತೋರಿಸಿ, ಪಾಸ್‌ಪೋರ್ಟಿನ ನಕಲು ಪ್ರತಿ ಕೊಡಿ. ನಿಮ್ಮ ಬಗ್ಗೆ ಯಾರಾದರೂ ವಿಚಾರಿಸಿದರೆ ಉತ್ತರ ಕೊಡಬೇಕಾದವರು ನಿಮ್ಮನ್ನು ಇಟ್ಟುಕೊಂಡ ಮನೆಯವರು.

ಪೇಟೆಯ ಸಂತೆಯಲ್ಲಿ ತಪ್ಪದೆ ಕೊಳ್ಳಬೇಕಾದದ್ದು ಅಡಿಕೆ. ಶಿರಸಿ ಕಡೆಯ ಅಡಿಕೆ ತೋಟದ ಮನೆಯಲ್ಲಿ ಬೆಳೆದ ನನಗೆ ಈ ಒಂದು ವಿಷಯವನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಅಲ್ಲಿ ವೀಳ್ಯದೆಲೆಗಿಂತ ಅದೇ ಬಳ್ಳಿಯ ಉದ್ದನೆಯ ಹಸಿರು ಕಾಯಿಯನ್ನು ಹೆಚ್ಚು ಜಗಿಯುತ್ತಾರೆ; ಜೊತೆಗೆ ಹವಳ, ಚಿಪ್ಪು ಸುಟ್ಟ ಸುಣ್ಣದ ಪುಡಿ. ಮೂರನ್ನೂ ಗುಡ್ಡೆ ಲೆಕ್ಕದಲ್ಲಿ ಮಾರುತ್ತಾರೆ. ನೀವು ಉಳಿಯುವ ಮನೆಗಷ್ಟೇ ತಂದರೆ ಸಾಲದು. ಯಾರ ಜಗಲಿಯಲ್ಲಿ ಕುಳಿತರೂ ಮಾತಿಗೆ ಮೊದಲು ಬುಟ್ಟಿ ಮುಂದೆ ಬರುತ್ತದೆ, ನಿಮ್ಮ ಚೀಲದಿಂದಲೂ ಏನಾದರೂ ಹೊರಬರಬೇಕು. ಜಗಿಯುವುದು ಬೇಡವಾದರೆ ಬೇಡ ಎನ್ನಬೇಡಿ. ತೆಗೆದುಕೊಂಡು ಕೈಯಲ್ಲಿಟ್ಟುಕೊಳ್ಳಿ, ಆಮೇಲೆ ಚೀಲಕ್ಕೆ ಹಾಕಿಕೊಳ್ಳಿ. ಅದಕ್ಕೆ ಯಾರ ಆಕ್ಷೇಪವೂ ಇಲ್ಲ. ಅಡಿಕೆಯಿಂದ ಬಾಯಿಯ ಕ್ಯಾನ್ಸರ್ ಬರುತ್ತದೆಂಬುದು ಅಡಿಕೆ ಬೆಳೆಗಾರರ ಮಗಳಾದ ನನಗೂ ಗೊತ್ತು. ನಾನು ಕೈಯಲ್ಲಿ ಇಟ್ಟುಕೊಳ್ಳುವ ಪೈಕಿ.

ಗಂಡಸರನ್ನು ಬಾಪಾ ಎಂದೂ ಹೆಂಗಸರನ್ನು ಮಾಮಾ ಎಂದೂ ಕರೆಯಿರಿ. ಹಿರಿಯರು ಮೂಗಿಗೆ ಮೂಗು ತಾಗಿಸಿ ಬರಮಾಡಿಕೊಂಡರೆ ಹಿಂದೆ ಸರಿಯಬೇಡಿ. ಗಂಡಸರ ಸೊಂಟದಲ್ಲಿ ಉದ್ದನೆಯ ಕತ್ತಿ ಇರುತ್ತದೆ; ಅದು ಉಡುಪಿನ ಭಾಗ, ಗಾಬರಿ ಬೇಡ.

ಇನ್ನು ನೀರು. ಹಳೆಯ ಹಳ್ಳಿಗಳನ್ನು ಶತ್ರುಗಳ ದಾಳಿಗೆ ಹೆದರಿ ಗುಡ್ಡದ ನೆತ್ತಿಯ ಮೇಲೆ ಕಟ್ಟಿದರು. ದಾಳಿ ನಿಂತು ಎಷ್ಟೋ ಕಾಲವಾಯಿತು, ನೀರು ಮಾತ್ರ ಇಂದಿಗೂ ಕೆಳಗೇ ಇದೆ. ಬಿದ್ದ ಮಳೆಯನ್ನು ಸುಣ್ಣಕಲ್ಲು ಕುಡಿದುಬಿಡುತ್ತದೆ. ಸುಮಾರು ಏಪ್ರಿಲ್ ಮುಗಿದ ಮೇಲೆ ನವೆಂಬರಿನವರೆಗೆ ಪೂರ್ವದಲ್ಲಿ ಮಳೆಯ ಮಾತೇ ಇಲ್ಲ. ಬಚ್ಚಲ ತೊಟ್ಟಿಯಲ್ಲಿ ನಿಮಗೆ ಕಾಣುವ ನೀರನ್ನು ಒಬ್ಬ ಹುಡುಗಿ ಪ್ಲಾಸ್ಟಿಕ್ ಕ್ಯಾನಿನಲ್ಲಿ ಹೊತ್ತು ತಂದಿರುತ್ತಾಳೆ, ಇಲ್ಲವೇ ಟ್ಯಾಂಕರಿಗೆ ದುಡ್ಡು ಕೊಟ್ಟು ತರಿಸಿರುತ್ತಾರೆ. ಚೊಂಬಿನ ಸ್ನಾನ ಬಲ್ಲ ನಮಗೆ ಅರ್ಧ ಬಕೆಟ್ ಸಾಕು. ಬಟ್ಟೆಯನ್ನು ಮನೆಯಲ್ಲಿ ಒಗೆಯಬೇಡಿ. ಹೆಂಗಸರು ಹೊಳೆಗೋ ಒರತೆಗೋ ಇಳಿಯುವಾಗ ಜೊತೆಗೆ ಹೋಗಿ ಒಗೆಯಿರಿ, ಬರುವಾಗ ಒಂದು ಕ್ಯಾನು ಹೊತ್ತುಕೊಂಡು ಹತ್ತಿ. ಅವರು ಬೇಡವೆನ್ನುತ್ತಾರೆ, ಆದರೂ ಹೊರಿ. ಕುಡಿಯಲು ಕುದಿಸಿದ ನೀರನ್ನೇ ಕೇಳಿ. ಒಂದು ಟ್ಯಾಂಕರ್ ನೀರಿನ ಹಣವನ್ನು ನಾನು ಕೊಡುತ್ತೇನೆ ಎನ್ನುವುದು ಅಲ್ಲಿ ಎಲ್ಲ ಉಡುಗೊರೆಗಳಿಗಿಂತ ದೊಡ್ಡದು. ಮಕ್ಕಳಿಗೆ ಚಾಕೊಲೇಟ್ ಹಂಚುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಊಟದ ವಿಷಯ ಸಸ್ಯಾಹಾರಿಗಳು ಗಮನವಿಟ್ಟು ಓದಿ. ನೀವು ಬರುವ ಸುದ್ದಿ ತಲುಪಿದರೆ ಕೋಳಿ ಕೊಯ್ಯುತ್ತಾರೆ. ದೊಡ್ಡ ಮನೆಯಾದರೆ ಹಂದಿ. ಕೊಯ್ದಾದ ಮೇಲೆ ತಿನ್ನುವುದಿಲ್ಲ ಎಂದರೆ ಅವರ ಆಸ್ತಿಯೂ ಹೋಯಿತು, ಮರ್ಯಾದೆಯೂ ಹೋಯಿತು. ಆದ್ದರಿಂದ ಹೊರಡುವ ಮೊದಲೇ ಫೋನಿನಲ್ಲಿ ತಿಳಿಸಿ. ಆರೋಗ್ಯದ ಕಾರಣ, ತತ್ತ್ವದ ಕಾರಣ ಎಂದೆಲ್ಲ ವಿವರಿಸಬೇಡಿ. ನಮ್ಮ ಕುಲಕ್ಕೆ ಮಾಂಸ ಪಮಾಲಿ, ಅಂದರೆ ನಿಷಿದ್ಧ ಎಂದುಬಿಡಿ. ಅಲ್ಲಿನ ಕುಲಗಳಿಗೂ ಇಂಥ ಕಟ್ಟುಪಾಡುಗಳಿವೆ, ಮರುಮಾತಿಲ್ಲದೆ ಒಪ್ಪುತ್ತಾರೆ. ಮೀನೂ ಸೇರಿದೆ ಎಂದು ಬಿಡಿಸಿ ಹೇಳಿ. ಚಟ್ನಿಯಲ್ಲಿ ತೆರಾಸಿ, ಅಂದರೆ ಹುದುಗಿಸಿದ ಸಿಗಡಿಯ ಮುದ್ದೆ, ಇರಬಹುದು. ಅನ್ನ, ಜೋಳ ಬೆರೆಸಿದ ಅನ್ನ, ಮರಗೆಣಸಿನ ಸೊಪ್ಪು, ಪಪ್ಪಾಯಿಯ ಸೊಪ್ಪು, ನುಗ್ಗೆಸೊಪ್ಪು ಸಿಗುತ್ತವೆ. ಜೋಳವೆಂದರೆ ಮೆಕ್ಕೆಜೋಳ, ರೊಟ್ಟಿಯ ಕನಸು ಬೇಡ. ಅಕ್ಕಿ, ಸಕ್ಕರೆ, ಕಾಫಿಪುಡಿ, ಮೊಟ್ಟೆ ಪೇಟೆಯಿಂದಲೇ ಒಯ್ದು, ಯಾರೂ ನೋಡದಾಗ ಅಡುಗೆಮನೆಯಲ್ಲಿಟ್ಟು ಬನ್ನಿ.

ಮಲಗುವ ಮನೆಗೆ ಮೂರು ಅಂತಸ್ತು. ಅಟ್ಟಣೆಯ ಕೆಳಗೆ ಹಂದಿ ಕೋಳಿ, ನಡುವೆ ಜನ, ಗೋಪುರದಂತೆ ಏರಿದ ಹುಲ್ಲಿನ ಮಾಡಿನ ತುದಿಯಲ್ಲಿ ಪೂರ್ವಜರ ಒಡವೆ ವಸ್ತುಗಳು. ಮೇಲಿನದನ್ನು ನೋಡಬೇಕೆಂದು ಕೇಳಬೇಡಿ. ಮನೆಯ ಒಂದು ಮೂಲೆಯಲ್ಲಿ ಬಟ್ಟೆಯ ಮೇಲೆ ಬಟ್ಟೆ ಸುತ್ತಿದ ದೊಡ್ಡ ಗಂಟು ಕಂಡರೆ ಅದು ತೀರಿಕೊಂಡ ಹಿರಿಯರಿರಬಹುದು. ಅಂತ್ಯಕ್ರಿಯೆಗೆ ಬೇಕಾದ ಎಮ್ಮೆ, ಕುದುರೆ, ಹಂದಿ, ಬಟ್ಟೆ ಕೂಡಿಬರುವವರೆಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಶವ ಮನೆಯಲ್ಲೇ ಇರುತ್ತದೆ. ಅವರ ಪಾಲಿಗೆ ಅದು ಇನ್ನೂ ಮನೆಯ ಸದಸ್ಯ. ನೀವೂ ಹಾಗೆಯೇ ನಡೆದುಕೊಳ್ಳಿ. ಅಂಗಳದ ನಡುವಿನ ಕಲ್ಲು ಗೋರಿಗಳ ಮೇಲೆ ಹುಡುಗರು ಕುಳಿತಿರುತ್ತಾರೆ, ಕಾಳು ಒಣಗಿಸಿರುತ್ತಾರೆ. ನೀವು ಮಾತ್ರ ಕೇಳಿ ಕೂರಿ.

ನಿಮ್ಮ ಧರ್ಮ ಯಾವುದೆಂದು ಎಲ್ಲರೂ ಕೇಳುತ್ತಾರೆ. ಹಿಂದೂ ಎಂದರೆ ಬಾಲಿಯವರಂತೆ ಎಂದುಕೊಂಡು ತಲೆಯಾಡಿಸುತ್ತಾರೆ, ಸಾಕು. ಅವರನ್ನು ತಿರುಗಿ ಕೆದಕಬೇಡಿ. ಪೂರ್ವಜರನ್ನು ಪೂಜಿಸುವ ಮರಾಪು ನಂಬಿಕೆಯನ್ನು ಗುರುತಿನ ಚೀಟಿಯಲ್ಲಿ ನಮೂದಿಸಲು ದಾರಿಯಾದದ್ದು 2017ರ ಸಂವಿಧಾನ ನ್ಯಾಯಾಲಯದ ತೀರ್ಪಿನಿಂದ. ಅಲ್ಲಿಯವರೆಗೆ ಧರ್ಮದ ಕಲಂ ಖಾಲಿ ಬಿಟ್ಟವರು, ಬೇರೆ ಧರ್ಮ ಬರೆಸಿದವರು ಎಲ್ಲ ಊರಲ್ಲೂ ಇದ್ದಾರೆ.

ಮಲೇರಿಯಾ ಇದೆ. ಹೊರಡುವ ಮುನ್ನ ವೈದ್ಯರನ್ನು ಕಂಡು ತಡೆಮಾತ್ರೆ ಬರೆಸಿಕೊಳ್ಳಿ, ಸೊಳ್ಳೆಪರದೆ ಒಯ್ಯಿರಿ, ಜ್ವರ ಬಂದರೆ ಅದೇ ದಿನ ಪುಸ್ಕೆಸ್ಮಾಸ್ ಎಂಬ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಊರಿಗೆ ಮರಳಿದ ಮೇಲೆ ಜ್ವರ ಬಂದರೂ ಸುಂಬಾದ ಹೆಸರು ಹೇಳಿ.

ಬಟ್ಟೆ ಕೊಳ್ಳುವುದಿದ್ದರೆ ನೇಯ್ದವಳಿಂದಲೇ ಕೊಳ್ಳಿ. ನೂಲಿಗೆ ಗಂಟು ಕಟ್ಟಿ, ಬಣ್ಣದಲ್ಲಿ ಅದ್ದಿ, ಬಿಚ್ಚಿ, ಮತ್ತೆ ಕಟ್ಟುವ ಕೆಲಸಕ್ಕೆ ತಿಂಗಳುಗಳು ಬೇಕು. ಚೌಕಾಸಿಗೆ ಮನಸ್ಸಾದರೆ ಕೊಳ್ಳದೆ ಬನ್ನಿ. ನೀಲಿ ಅದ್ದುವ ಜಾಗದತ್ತ ಗಂಡಸರು ಸುಳಿಯುವಂತಿಲ್ಲ.

ಹೊರಡುವಾಗ ದಿನಗಳ ಲೆಕ್ಕದಲ್ಲಿ ಹಣವನ್ನು ಲಕೋಟೆಗೆ ಹಾಕಿ, ಉಳಿದ ಅಡಿಕೆಯ ಜೊತೆ ಮನೆಯ ಹಿರಿಯ ಹೆಂಗಸಿನ ಕೈಗೆ ಕೊಡಿ. ಬೆಂಚು ಜೋಡಿಸಿದ ಲಾರಿ ನಸುಕಿನಲ್ಲೇ ಪೇಟೆಗೆ ಹೊರಡುತ್ತದೆ. ಹಿಂದಿನ ಸಂಜೆಯೇ ಚಾಲಕನಿಗೆ ಹೇಳಿಡಿ. ಬೀಳ್ಕೊಡುವಾಗ ಕಾಲು ಕಟ್ಟಿದ ಜೀವಂತ ಕೋಳಿಯೊಂದನ್ನು ನಿಮ್ಮ ಕೈಗಿಡಬಹುದು. ಸಸ್ಯಾಹಾರಿಯಾದರೂ ತೆಗೆದುಕೊಳ್ಳಿ. ಪೇಟೆಯ ವಸತಿಗೃಹದ ಅಡುಗೆಯವಳು ಸಂತೋಷದಿಂದ ಇಟ್ಟುಕೊಳ್ಳುತ್ತಾಳೆ.